ಗುಂಯ್ ಎನ್ನುವ ಮೋಟರು

ಬೆಳಗಿನ ಆರು ಗಂಟೆ, ಏಪ್ರಿಲ್ ತಿಂಗಳು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಹೊಂಗೆಯ ಹೂಗಳು ತೇಲುತ್ತ ನಿಂತಿವೆ. ನೀರು ಸರಿಯಾಗಿ ಓಡಾಡದೆ ಎರಡು ದಿನವಾಗಿದೆ. ಅಂಚಿನ ನೀಲಿ ಟೈಲ್ಸಿಗೆ ಕೈ ತಾಗಿಸಿದರೆ ಲೋಳೆ ಲೋಳೆ.

ಮೂರು ಮೆಟ್ಟಿಲು ಇಳಿದರೆ ಪಂಪ್ ರೂಮು. ಬಾಗಿಲು ತೆರೆದ ಕೂಡಲೇ ಕ್ಲೋರಿನ್ ಘಾಟು ಮೂಗಿಗೆ ಹೊಡೆಯುತ್ತದೆ. ಮೋಟರು 1.5 ಹಾರ್ಸ್‌ಪವರಿನದು. ಸ್ವಿಚ್ ಹಾಕಿದರೆ ಗುಂಯ್... ಏಳಲಾಗದ ಎಮ್ಮೆ ಮೊಣಕಾಲೂರಿ ಹೆಣಗಿದಂತೆ ಮೈಯೆಲ್ಲ ನಡುಗಿಸುತ್ತದೆ. ಒಮ್ಮೊಮ್ಮೆ ಎದ್ದು ಓಡುತ್ತದೆ, ಹೆಚ್ಚು ಸಲ ಟಪ್ಪೆಂದು ಟ್ರಿಪ್ ಆಗುತ್ತದೆ.

"ಇನ್ನೊಂದ್ ಸಲ ಹಾಕ್ಬೇಡಿ ಸರ್, ಕಾಯಿಲ್ ಸುಟ್ಟೋಗುತ್ತೆ" ಎಂದರು ಮೆಕ್ಯಾನಿಕ್. ನಿಂತಲ್ಲೇ ನಿಂತ ಮೋಟರು ಓಡುವ ಮೋಟರಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅಷ್ಟೂ ಶಾಖವಾಗಿ ತಂತಿಯ ಮೇಲಿನ ವಾರ್ನಿಷನ್ನು ತಿನ್ನುತ್ತದೆ.

ಮೇನ್ ಇಳಿಸಿ, ಹಿಂಬದಿಯ ಫ್ಯಾನ್ ಕವರ್ ಬಿಚ್ಚಿ, ಅವರು ಬರಿಗೈಯಲ್ಲಿ ಶಾಫ್ಟ್ ತಿರುಗಿಸಿದರು. ಕಣ್ಣು ಮುಚ್ಚಿದ್ದರು. ಎಲೆಯೋ ಕೂದಲೋ ಇಂಪೆಲ್ಲರಿಗೆ ಸಿಕ್ಕಿದ್ದರೆ ಬಿಗಿ, ಬೇರಿಂಗ್ ಸವೆದಿದ್ದರೆ ಕರಕರ. ಎರಡೂ ಇಲ್ಲ, ಶಾಫ್ಟು ಬೆಣ್ಣೆಯಂತೆ ಸುತ್ತಿತು. ಈ ಕೈಯ ತಪಾಸಣೆ ನನಗೆ ಯಾವ ಮೀಟರಿಗಿಂತಲೂ ದೊಡ್ಡದಾಗಿ ಕಂಡಿತು.

ಮುಂದಿನ ಅನುಮಾನ ಕೆಪಾಸಿಟರ್ ಮೇಲೆ. ಸಿಂಗಲ್ ಫೇಸ್ ಕರೆಂಟು ಒಂದೇ ಸುರುಳಿಯಲ್ಲಿ ಹರಿದರೆ ರೋಟರನ್ನು ನಡುಗಿಸಬಲ್ಲದು, ಹೊರಡಿಸಲಾರದು. ಕೆಪಾಸಿಟರ್ ದಾಟಿ ಎರಡನೇ ಸುರುಳಿಗೆ ಹೋಗುವ ಕರೆಂಟು ಒಂದು ಹೆಜ್ಜೆ ಮುಂದಿರುವುದರಿಂದಲೇ ತಿರುಗಲು ದಿಕ್ಕು ಸಿಗುವುದು. ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನ ಹೊಟ್ಟೆಯಲ್ಲಿ ಚಾರ್ಜ್ ಉಳಿದಿರುತ್ತದೆ. ಹೋಲ್ಡರಿನ ಬಲ್ಬು ತಾಗಿಸಿ ಅದನ್ನು ಖಾಲಿ ಮಾಡಿ, ಅಳೆದರು. ಮೈಮೇಲೆ ಬರೆದದ್ದು 36 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 35. ಅದೂ ಸರಿಯಿದೆ!

ಹಾಗಾದರೆ? ಒಣ ಹಲಗೆಯ ಮೇಲೆ ನಿಂತು ವೋಲ್ಟೇಜ್ ನೋಡಿದರು. ಸ್ವಿಚ್ ಹಾಕಿದ ಗಳಿಗೆಯಲ್ಲಿ ಬೋರ್ಡಿನಲ್ಲಿ 222. ಅದೇ ಗಳಿಗೆಯಲ್ಲಿ ಮೋಟರಿನ ಬಾಯಲ್ಲಿ 185. ನಡುವೆ ಎಲ್ಲೋ ಸೋರಿಹೋಗುತ್ತಿದೆ. ವೋಲ್ಟೇಜ್ ಇಳಿದಷ್ಟೇ ಬಲ ಇಳಿಯುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. 230 ಸಿಗಬೇಕಾದಲ್ಲಿ 185 ಸಿಕ್ಕರೆ ಹೊರಡುವ ಬಲದ ಮೂರನೇ ಒಂದು ಪಾಲೇ ಇಲ್ಲವಾಯಿತು.

ಗೋಡೆಯ ಮೇಲಿನ ಜಾಯಿಂಟ್ ಬಾಕ್ಸ್ ಬಿಚ್ಚಿದಾಗ ಉತ್ತರ ಸಿಕ್ಕಿತು. ತಾಮ್ರದ ತಂತಿಗೆ ಹಸಿರು ಕಿಲುಬು, ಕನೆಕ್ಟರಿನ ಪ್ಲಾಸ್ಟಿಕ್ ಕರಗಿ ಕಪ್ಪಾಗಿದೆ. ಮೆಕ್ಯಾನಿಕ್ ಏನೂ ಹೇಳದೆ ಅದರ ಕೆಳಗಿನ ಮೂಲೆಯನ್ನು ತೋರಿಸಿದರು. ಅಲ್ಲಿ ಮುಚ್ಚಳ ಸಡಿಲವಾದ ಎರಡು ಕ್ಲೋರಿನ್ ಡ್ರಮ್ಮುಗಳು. ಜಾಗ ಉಳಿಯಲೆಂದು ಅಲ್ಲಿಡಿಸಿದವರು ನಾವೇ, ನಿವಾಸಿಗಳು. ಆ ಆವಿಯೇ ತಿಂಗಳುಗಟ್ಟಲೆ ತಾಮ್ರವನ್ನು ತಿಂದಿತ್ತು.

ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸ ಲಗ್ಸ್ ಒತ್ತಿ, ಹೊಸ ಕನೆಕ್ಟರ್ ಕೂರಿಸಿದರು. ಸ್ವಿಚ್ ಹಾಕಿದರೆ ಗುಂಯ್ ಇಲ್ಲ; ಝುಮ್ಮೆಂದು ಒಂದೇ ಉಸಿರಿಗೆ ಎದ್ದಿತು. ಪಂಪಿನ ಜಾಲರಿಯ ಗಾಜಿನ ಮುಚ್ಚಳದೊಳಗೆ ಗುಳ್ಳೆಗಳು ಕುಣಿದು, ಕರಗಿ, ನೀರು ತಿಳಿಯಾಯಿತು. ಕ್ಲ್ಯಾಂಪ್ ಮೀಟರಿನಲ್ಲಿ ಎಂಟು ಆಂಪಿಯರು, ಅಲುಗಾಡದೆ.

ಹಣ ಕೊಡಲು ಹೋದರೆ ಅವರು ಕೈ ಚಾಚಲಿಲ್ಲ. "ಮೊದ್ಲು ಆ ಡ್ರಮ್ ಮೇಲಕ್ಕೆ ಸಾಗ್ಸಿ ಸರ್." ಸೆಕ್ಯುರಿಟಿಯವರು ಒಂದು ಕಡೆ, ನಾನು ಇನ್ನೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿದೆವು. ಮೇಲೆ, ಹೊಂಗೆಯ ಹೂಗಳು ಒಂದೊಂದಾಗಿ ಸ್ಕಿಮ್ಮರಿನ ಬಾಯಿಯ ಕಡೆಗೆ ಸಾಲು ಹಿಡಿದಿದ್ದವು.