ಕೈಲಾಸ ಮಂಟಪದ ಮುಂದೆ ಒಂದು ಸಂಜೆ

ಪುಷ್ಯ ಬಹುಳ ಬಿದಿಗೆಯಂದು ಕೊಪ್ಪಳದ ಶ್ರೀ ಗವಿಸಿದ್ಧೇಶ್ವರ ಮಹಾರಥೋತ್ಸವವು ಜರುಗುವುದು ಸದ್ಭಕ್ತರಿಗೆಲ್ಲ ವಿದಿತವೇ. ಜಾತ್ರೆಯ ಸಂಜೆಗಳಲ್ಲಿ ಗವಿಮಠದ ಕೈಲಾಸ ಮಂಟಪವು ಅನುಭಾವಕ್ಕೂ ಸಂಗೀತಕ್ಕೂ ವೇದಿಕೆಯಾಗುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ತಾಯಂದಿರು ಬಡಿದ ಜೋಳದ ರೊಟ್ಟಿಗಳು ಮಹಾದಾಸೋಹವನ್ನು ಸೇರುತ್ತವೆ. ಆದರೆ ಕಲಾವಿದರಿಗೆ ನಾವು ಏನನ್ನು ಸಮರ್ಪಿಸುತ್ತಿದ್ದೇವೆ? ತೇರು ಕಂಡೊಡನೆ ಊರಿನ ಬಸ್ಸು ಹಿಡಿಯುವವರೇ ಹಲವರು. ನಾವೂ ಒಂದು ಕಾಲಕ್ಕೆ ಹಾಗೆಯೇ ಮಾಡಿದೆವು.

ಕೊಪ್ಪಳ ತಾಲೂಕಿನವರೇ ಆದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ಇಳಿವಯಸ್ಸಿನಲ್ಲಿ, ಪದ್ಮಶ್ರೀ ಸಂದಿತು. ಅವರ ತೊಗಲುಗೊಂಬೆಯಾಟದ ವಿದ್ಯೆಯು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದುದು. ಪರದೆಯ ಮುಂದೆ ಮಕ್ಕಳು ಕುಳಿತರೆ ಮಾತ್ರ ಪರದೆಯ ಹಿಂದೆ ನಾಳಿನ ಕೈಗಳು ಸಿದ್ಧವಾಗುತ್ತವೆ.

ಆದ್ದರಿಂದ ಬರುವ ಜಾತ್ರೆಯಲ್ಲಿ ಮಕ್ಕಳೊಡನೆ ಮಂಗಳದವರೆಗೂ ಕುಳಿತುಕೊಳ್ಳಿರಿ. ರೊಟ್ಟಿ ತರುವುದು ದಾಸೋಹ. ಮನವಿಟ್ಟು ಕೇಳುವುದೂ ದಾಸೋಹವೇ.