ಕರೆಂಟ್ ಹೋಗಿ ಬಂದ ಮೇಲೆ

ಸರ್ವರ್ ಎಂದಕೂಡಲೇ ಎಸಿ ಕೋಣೆ ನೆನಪಾಗುತ್ತದೆ. ಮನೆಮಂದಿಯ ಫೋಟೊ, ಪಹಣಿ, ಮಕ್ಕಳ ಮಾರ್ಕ್ಸ್‌ಕಾರ್ಡು ಒಂದೇ ಕಡೆ ಇಟ್ಟು ಎಲ್ಲರ ಫೋನಿಗೂ ಸಿಗುವಂತೆ ಮಾಡಲು ಅಷ್ಟೆಲ್ಲ ಬೇಕಿಲ್ಲ. ಎಟಿಎಂ ಕಾರ್ಡಿನ ಅಳತೆಯ ರಾಸ್ಪ್‌ಬೆರಿ ಪೈ 4, ಒಂದು ಯುಎಸ್‌ಬಿ ಡಿಸ್ಕ್, ಮನೆಯ ವೈಫೈ ರೌಟರ್ ಸಾಕು. ತುಮಕೂರಿನ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಇಂಥ ಪುಟ್ಟ ಕಂಪ್ಯೂಟರ್‌ಗಳನ್ನು ಹಳ್ಳಿಯ ವೈಫೈ ಜಾಲಕ್ಕೇ ಜೋಡಿಸಿದೆ.

ಪೈ, ಡಿಸ್ಕ್ ಎರಡೂ ಸೇರಿ 8 ವಾಟ್ ಎಳೆಯುತ್ತವೆ ಎಂದುಕೊಳ್ಳಿ. ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 6 ಯೂನಿಟ್ ಮುಟ್ಟುವುದಿಲ್ಲ. ಅದೇ ಕೆಲಸಕ್ಕೆ 80 ವಾಟಿನ ಹಳೇ ಡೆಸ್ಕ್‌ಟಾಪ್ ಇಟ್ಟರೆ 58 ಯೂನಿಟ್. ಗೃಹಜ್ಯೋತಿ ಉಚಿತ ವಿದ್ಯುತ್ತಿನ ಮಿತಿ ದಾಟದಂತೆ ಮೀಟರ್ ನೋಡುವ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ.

ಕಲಬುರಗಿಯ ಗುಂಡಗುರ್ತಿ, ಸೇಡಂ, ವಾಡಿ ಸೀಮೆಯಲ್ಲಿ ಯಂತ್ರಕ್ಕೆ ಕಾಟ ಕೊಡುವುದು ಬಿಸಿಲು, ಧೂಳು, ಕರೆಂಟು. ಬೇಸಿಗೆಯ ಮಧ್ಯಾಹ್ನ ತಗಡಿನ ಕೆಳಗೆ ಇದನ್ನು ಇಡಲೇಬೇಡಿ. ಪೈನ ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಪಕ್ಕದ ಹಾರ್ಡ್‌ಡಿಸ್ಕಿಗೆ ಆ ಉಪಾಯ ಗೊತ್ತಿಲ್ಲ. ಕಲ್ಲಿನ ಗೋಡೆಯ ಒಳಮನೆ ಒಳ್ಳೆಯದು. ಕಲ್ಲಿನ ಪಾಲಿಶ್ ಮಷಿನ್, ಗಣಿ ಹತ್ತಿರವಿದ್ದರೆ ಫ್ಯಾನ್ ಇರುವ ಡಬ್ಬಿಗಿಂತ ಫ್ಯಾನಿಲ್ಲದ ಅಲ್ಯೂಮಿನಿಯಂ ಡಬ್ಬಿಯೇ ವಾಸಿ. ಫ್ಯಾನು ಧೂಳನ್ನು ಒಳಗೆಳೆದುಕೊಳ್ಳುತ್ತದೆ.

ಇನ್ನು ಕರೆಂಟಿನ ಕಾಟ. ರೌಟರಿಗೆಂದು ಮಾರುವ ಪುಟ್ಟ ಯುಪಿಎಸ್‌ಗಳಲ್ಲಿ ಬಹಳಷ್ಟು 12 ವೋಲ್ಟಿನವು. ಪೈಗೆ ಬೇಕಾದದ್ದು 5 ವೋಲ್ಟ್, 3 ಆಂಪಿಯರ್. 5 ವೋಲ್ಟ್ ಕೊಡುವುದನ್ನೇ ಕೇಳಿ ತನ್ನಿ, ಇಲ್ಲವೇ ಇನ್ವರ್ಟರ್ ಲೈನಿಗೆ ಹಾಕಿ.

ಮನೆಯೊಳಗಿನ ಹಂಚಿಕೆಗೆ ಸಾಂಬಾ ಸಾಕು. 1992ರಲ್ಲಿ ಆ್ಯಂಡ್ರ್ಯೂ ಟ್ರಿಡ್ಜೆಲ್ ಕ್ಯಾನ್ಬೆರಾದಲ್ಲಿ ಮೊದಲು ಹೊರತಂದ ಈ ತಂತ್ರಾಂಶ ಇಂದಿಗೂ ಉಚಿತ. ಮಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇದ್ದರೆ ಎರಡೂ ಕಡೆಯ ಫೋಲ್ಡರನ್ನು ಒಂದೇ ಸಮ ಇಡುವ ಸಿಂಕ್‌ಥಿಂಗ್ ತಂತ್ರಾಂಶ ಬೇಕು. ಮೊಬೈಲ್ ಕಂಪನಿಯ ನೆಟ್‌ನಲ್ಲಿ ಹೊರಗಿನಿಂದ ಮನೆಯ ಯಂತ್ರವನ್ನು ನೇರವಾಗಿ ತಲುಪಲು ಸಾಮಾನ್ಯವಾಗಿ ಆಗುವುದಿಲ್ಲ. ಆಗ ಸಿಂಕ್‌ಥಿಂಗ್ ನಡುವಿನ ರಿಲೇ ಸರ್ವರ್ ಮೂಲಕ ಫೈಲ್ ಸಾಗಿಸುತ್ತದೆ. ನಿಧಾನ, ಆದರೆ ಗೂಢಲಿಪಿಯಲ್ಲಿ ಹೋಗುವುದರಿಂದ ರಿಲೇ ನಡೆಸುವವರು ಓದಲಾರರು.

ನನಗೆ ಇದರಲ್ಲಿ ಬಲು ಮೆಚ್ಚುಗೆಯಾದದ್ದು ಬೇರೆ. ಕರೆಂಟ್ ಹೋಗಿ ಬಂದಾಗ ಪೈ ಎದ್ದರೂ ಒಮ್ಮೊಮ್ಮೆ ಡಿಸ್ಕ್ ಏಳುವುದಿಲ್ಲ. ಫೋಲ್ಡರ್ ಖಾಲಿ ಕಾಣುತ್ತದೆ. ದಡ್ಡ ತಂತ್ರಾಂಶವಾದರೆ ಎಲ್ಲ ಅಳಿಸಿದ್ದಾರೆಂದು ತಿಳಿದು ಮಗನ ಲ್ಯಾಪ್‌ಟಾಪಿನಲ್ಲೂ ಅಳಿಸಿಬಿಟ್ಟೀತು. ಸಿಂಕ್‌ಥಿಂಗ್ ಪ್ರತಿ ಫೋಲ್ಡರಿನಲ್ಲೂ ಒಂದು ಅಡಗಿದ ಗುರುತು ಇಟ್ಟಿರುತ್ತದೆ. ಅದು ಕಾಣದಿದ್ದರೆ ಕೆಲಸ ನಿಲ್ಲಿಸಿ ಎಚ್ಚರಿಕೆ ತೋರಿಸುತ್ತದೆ. ಎಚ್ಚರಿಕೆ ಹೋಗಲೆಂದು ಆ ಗುರುತನ್ನು ನೀವೇ ಮಾಡಿಡಬೇಡಿ, ಮೊದಲು ಡಿಸ್ಕಿನ ವೈರ್ ನೋಡಿ.

ಫೋನಿನಲ್ಲಿ ನೀವೇ ಅಳಿಸಿದ ಫೋಟೊ ಮಾತ್ರ ಮನೆಯಲ್ಲೂ ಅಳಿಯುತ್ತದೆ. ಅದಕ್ಕೆ ಪೈನಲ್ಲಿ ಫೈಲ್ ವರ್ಷನಿಂಗ್ ಆನ್ ಮಾಡಿ, ಅಳಿದದ್ದು 30 ದಿನ ಉಳಿಯುವಂತೆ ಇಡಿ. ತಿಂಗಳಿಗೊಮ್ಮೆ ಇನ್ನೊಂದು ಡಿಸ್ಕಿಗೆ ನಕಲು ತೆಗೆದು, ಪ್ಲಗ್ ಕಿತ್ತು, ಪಹಣಿ ಇಡುವ ಟ್ರಂಕಿನಲ್ಲೇ ಇಟ್ಟುಬಿಡಿ.