ಲ್ಯಾಪ್‌ಟಾಪಿನ ಬ್ಯಾಟರಿ ತುಂಬದಿರಲು ಕಾರಣಗಳೇನು?

ವಿದ್ಯುಚ್ಛಕ್ತಿಯ ಇತಿಹಾಸದಲ್ಲಿ ಮಳವಳ್ಳಿ ತಾಲ್ಲೂಕಿಗೆ ಸಲ್ಲತಕ್ಕ ಸ್ಥಾನ ಹಿರಿದಾದುದು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಹೊರಟ ಶಕ್ತಿಯು ಸುಮಾರು 92 ಮೈಲಿಗಳ ತಂತಿಯ ಹಾದಿಯನ್ನು ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ಕಾವೇರಿಯ ಬಲದಿಂದ ಬೆಳಗಿದವು. ಮುಂದೆ 1940ರಲ್ಲಿ ಶಿಂಷಾ ವಿದ್ಯುದಾಗಾರವೂ ಇದೇ ತಾಲ್ಲೂಕಿನಲ್ಲಿ ಕೆಲಸಕ್ಕೆ ತೊಡಗಿತು.

ಆದರೆ ತಂತಿಯಲ್ಲಿ ಹರಿದು ಬರುವ ಈ ಶಕ್ತಿಗೆ ಒಂದು ಮಿತಿಯುಂಟು. ಅದು ಬಂದ ಕ್ಷಣದಲ್ಲಿಯೇ ಬಳಕೆಯಾಗಬೇಕು. ಕಣಜದಲ್ಲಿ ರಾಗಿಯನ್ನು ತುಂಬಿಡುವಂತೆ ಅದನ್ನು ಇದ್ದ ಹಾಗೆಯೇ ಕೂಡಿಡಲು ಬರುವುದಿಲ್ಲ. ಕೂಡಿಡಬೇಕಾದರೆ ಅದನ್ನು ರಾಸಾಯನಿಕ ಶಕ್ತಿಯಾಗಿ ಮಾರ್ಪಡಿಸಬೇಕು. ಆ ಕಣಜವೇ ಬ್ಯಾಟರಿ. ಇಂದು ಶಾಲೆಗಳ ಪ್ರಯೋಗಶಾಲೆಗಳಲ್ಲಿಯೂ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇರುವ ಲ್ಯಾಪ್‌ಟಾಪುಗಳ ಪ್ರಯೋಜನವೆಲ್ಲ ಇದನ್ನೇ ಅವಲಂಬಿಸಿದೆ. ಬ್ಯಾಟರಿ ತುಂಬದೆ ಹೋದಾಗ 'ಯಂತ್ರ ಕೆಟ್ಟಿತು' ಎಂದು ಬೀರುವಿನ ಮೂಲೆಗೆ ಸೇರಿಸುವುದು ಸಾಮಾನ್ಯ. ದಾನಿಗಳು ಶ್ರಮದಿಂದ ಗಳಿಸಿ ಕೊಟ್ಟ ವಸ್ತು ಹೀಗೆ ವ್ಯರ್ಥವಾಗುತ್ತದೆ. ಅದನ್ನು ನಂಬಿದ್ದ ವಿದ್ಯಾರ್ಥಿಯ ಪಾಠ ನಿಲ್ಲುತ್ತದೆ. ದೋಷವು ಎಷ್ಟೋ ವೇಳೆ ಒಂದು ತಂತಿಯಲ್ಲಿಯೋ ಒಂದು ಸಣ್ಣ ಏರ್ಪಾಟಿನಲ್ಲಿಯೋ ಇರುತ್ತದೆ. ಅದನ್ನು ಕ್ರಮವಾಗಿ ಶೋಧಿಸುವ ವಿಧಾನವನ್ನು ಅಧ್ಯಾಪಕರೂ ಪೋಷಕರೂ ತಿಳಿದಿರುವುದು ಒಳ್ಳೆಯದು.

ಲ್ಯಾಪ್‌ಟಾಪುಗಳಲ್ಲಿರುವುದು ಲಿಥಿಯಮ್ ಅಯಾನ್ ಬ್ಯಾಟರಿ. ಇದು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಬೆಳವಣಿಗೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಈ ಲಿಥಿಯಮ್ ಮಂಡ್ಯ ಜಿಲ್ಲೆಗೆ ಅಪರಿಚಿತವಲ್ಲ. ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಮ್ ಇರಬಹುದೆಂದು ಪ್ರಾಥಮಿಕ ಪರಿಶೋಧನೆಯಿಂದ ಅಂದಾಜಾಗಿರುವುದನ್ನು ಕೇಂದ್ರ ಸರ್ಕಾರ 2021ರಲ್ಲಿ ತಿಳಿಸಿತು. ಬ್ಯಾಟರಿಯ ಒಂದೊಂದು ಕೋಶವೂ ಪೂರ್ಣವಾಗಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ತೋರಿಸುತ್ತದೆ. ಅದಕ್ಕಿಂತ ಹೆಚ್ಚು ತುಂಬಿದರೆ ಅಪಾಯ; ಸುಮಾರು 2.5 ವೋಲ್ಟಿಗಿಂತ ಕೆಳಗಿಳಿದರೆ ಹಾನಿ. ಆದ್ದರಿಂದ ಬ್ಯಾಟರಿಯೊಳಗೆ ಒಂದು ರಕ್ಷಣಾ ಮಂಡಲವನ್ನು ಇರಿಸಿರುತ್ತಾರೆ. ಬ್ಯಾಟರಿ ತುಂಬದಿರುವುದು ಕೆಲವೊಮ್ಮೆ ದೋಷವಲ್ಲ, ಈ ಕಾವಲುಗಾರನ ಕರ್ತವ್ಯಪಾಲನೆ.

ಶೋಧನೆಯನ್ನು ಗೋಡೆಯಿಂದ ಆರಂಭಿಸಬೇಕು. ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಜೋಡಿಸಿ ನೋಡಬೇಕು. ಹಳ್ಳಿಯಲ್ಲಿ ವೋಲ್ಟೇಜು ಕಡಿಮೆಯೆಂಬುದು ಸಾಮಾನ್ಯವಾದ ಅನುಮಾನ. ಆದರೆ ಹೆಚ್ಚಿನ ಚಾರ್ಜರುಗಳು 100ರಿಂದ 240 ವೋಲ್ಟುಗಳವರೆಗೆ ಕೆಲಸ ಮಾಡಬಲ್ಲವು. ಕಡಿಮೆ ವೋಲ್ಟೇಜಿಗಿಂತ ಸಿಡಿಲಿನ ಸಮಯದಲ್ಲಿಯೋ, ಹೋದ ವಿದ್ಯುತ್ತು ಹಠಾತ್ತನೆ ಮರಳಿದಾಗಲೋ ನುಗ್ಗುವ ಅಧಿಕ ವೋಲ್ಟೇಜು ಅವುಗಳಿಗೆ ಹೆಚ್ಚು ಮಾರಕ.

ಎರಡನೆಯದು ಚಾರ್ಜರು. ಇದರ ಕೆಲಸ ಗೋಡೆಯ 230 ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನು ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವುದು. ಇಲ್ಲಿ ಒಂದು ಸರಳ ಪರೀಕ್ಷೆಯಿದೆ. ಚಾರ್ಜರನ್ನು ಜೋಡಿಸಿದರೂ ದೀಪ ಹತ್ತದೆ, ಯಂತ್ರವೂ ಏಳದೆ ಇದ್ದರೆ ಸಂಶಯವು ಮೊದಲು ಚಾರ್ಜರು, ತಂತಿ ಹಾಗೂ ಜೋಡಣೆಯ ರಂಧ್ರದ ಮೇಲೆ ಹೋಗಬೇಕು. ಯಂತ್ರ ನಡೆಯುತ್ತಿದ್ದು ಶೇಕಡಾವಾರು ಅಂಕಿ ಮಾತ್ರ ಏರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಪದೇ ಪದೇ ಮಡಿಸುವುದರಿಂದ ತಂತಿಯು ತುದಿಯ ಬಳಿ ಒಳಗೇ ತುಂಡಾಗಿರುವುದುಂಟು. ರಂಧ್ರದಲ್ಲಿ ಧೂಳು ಕುಳಿತಿರುವುದೂ ಉಂಟು.

ಬದಲಿ ಚಾರ್ಜರಿನ ವಿಷಯದಲ್ಲಿ ಎಚ್ಚರ ಬೇಕು. ಚಾರ್ಜರಿನ ಮೇಲೆ ಅಚ್ಚಾಗಿರುವ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟಿನದು. ಅದರ ಸ್ಥಾನದಲ್ಲಿ 45 ವ್ಯಾಟಿನದನ್ನು ಜೋಡಿಸಿದರೆ ಯಂತ್ರವು ನಡೆದೀತು, ಬ್ಯಾಟರಿಗೆ ಉಳಿಯುವ ಶಕ್ತಿ ಸಾಲದೆ ಹೋದೀತು. ಕೆಲವು ಚಾರ್ಜರುಗಳ ತುದಿಯ ನಡುವೆ ತೆಳುವಾದ ಮುಳ್ಳೊಂದಿರುತ್ತದೆ. ಯಂತ್ರವು ತನ್ನ ಚಾರ್ಜರನ್ನು ಗುರುತಿಸುವುದು ಅದರ ಮೂಲಕ. ಅದು ಬಾಗಿದರೂ ಮುರಿದರೂ ಯಂತ್ರವು ನಡೆಯುತ್ತದೆ, ಬ್ಯಾಟರಿ ತುಂಬುವುದಿಲ್ಲ.

ಮೂರನೆಯದಾಗಿ ಯಂತ್ರದ ಏರ್ಪಾಟನ್ನು ನೋಡಬೇಕು. ಅಂಕಿಯು ಸರಿಯಾಗಿ 60ರಲ್ಲಿಯೋ 80ರಲ್ಲಿಯೋ ನಿಂತಿದ್ದರೆ ಅದು ಬಹುಮಟ್ಟಿಗೆ ದೋಷವಲ್ಲ. ಬ್ಯಾಟರಿಯ ಆಯುಷ್ಯವನ್ನು ಹೆಚ್ಚಿಸಲು ತಯಾರಕರು ಇಂಥ ಮಿತಿಯನ್ನು ಒದಗಿಸಿರುತ್ತಾರೆ. ಬೇಕಾದಾಗ ಅದನ್ನು ತೆಗೆಯಬಹುದು. ನಾಲ್ಕನೆಯದು ಉಷ್ಣತೆ. ಕೋಶಗಳು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯವಾಗಿ ಚಾರ್ಜು ನಿಲ್ಲುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಾಸಿಗೆಯ ಮೇಲಿರಿಸಿದ ಯಂತ್ರವು ಈ ಮಟ್ಟವನ್ನು ಮುಟ್ಟುವುದು ಕಷ್ಟವಲ್ಲ. ಅರ್ಧ ಗಂಟೆ ನೆರಳಿನಲ್ಲಿ ಆರಲು ಬಿಟ್ಟು ಮತ್ತೆ ಪ್ರಯತ್ನಿಸಬೇಕು.

ಇಷ್ಟಾದರೂ ಫಲ ಕಾಣದಿದ್ದರೆ ಯಂತ್ರವನ್ನು ಪೂರ್ಣವಾಗಿ ಆರಿಸಿ, ಚಾರ್ಜರನ್ನು ತೆಗೆದು, ಬ್ಯಾಟರಿಯು ಕಳಚುವಂಥದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಬೇಕು. ಚಾರ್ಜನ್ನು ನಿಯಂತ್ರಿಸುವ ಚಿಕ್ಕ ಸಾಧನವೊಂದು ಯಂತ್ರದೊಳಗಿದ್ದು, ಒಮ್ಮೊಮ್ಮೆ ತಪ್ಪು ಸ್ಥಿತಿಯಲ್ಲಿ ಸಿಲುಕಿಕೊಳ್ಳುತ್ತದೆ. ಉಳಿದ ವಿದ್ಯುತ್ತು ಹರಿದುಹೋದಾಗ ಅದು ಹೊಸದಾಗಿ ಕೆಲಸ ಆರಂಭಿಸುತ್ತದೆ.

ಶಾಲೆಗಳಿಗೆ ವಿಶೇಷವಾಗಿ ಅನ್ವಯಿಸುವ ಕಾರಣವೊಂದಿದೆ: ಬಹುಕಾಲ ಬಳಸದೆ ಇಡುವುದು. ಆರಿಸಿಟ್ಟ ಯಂತ್ರದಲ್ಲಿಯೂ ಬ್ಯಾಟರಿ ಮೆಲ್ಲಮೆಲ್ಲನೆ ಬರಿದಾಗುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಉಂಟಾದಂಥ ದೀರ್ಘ ವಿರಾಮದಲ್ಲಿ ಕೋಶಗಳು ಸುರಕ್ಷಿತ ಮಟ್ಟಕ್ಕಿಂತ ಕೆಳಗಿಳಿಯುತ್ತವೆ. ಆಗ ರಕ್ಷಣಾ ಮಂಡಲವು ದ್ವಾರವನ್ನು ಮುಚ್ಚುತ್ತದೆ. ಸರಿಯಾದ ಚಾರ್ಜರಿಗೆ ಜೋಡಿಸಿ, ಯಾರಾದರೂ ಹತ್ತಿರವಿದ್ದು ಕೆಲವು ಗಂಟೆ ಕಾದರೆ ಒಮ್ಮೊಮ್ಮೆ ಅದು ಚೇತರಿಸಿಕೊಳ್ಳುತ್ತದೆ. ಚೇತರಿಸದಿದ್ದರೆ ಬದಲಿಸಬೇಕೇ ಹೊರತು ಹೊರಗಿನಿಂದ ನೇರವಾಗಿ ವಿದ್ಯುತ್ತು ಕೊಟ್ಟು ಎಬ್ಬಿಸುವ ಸಾಹಸ ಕೂಡದು. ರಜೆಗೆ ಮುನ್ನ ಬ್ಯಾಟರಿಯನ್ನು ಅರ್ಧದಷ್ಟು ತುಂಬಿ, ತಂಪಾದ ಒಣ ಸ್ಥಳದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಈ ನಷ್ಟವನ್ನು ತಪ್ಪಿಸಬಹುದು.

ಮುಪ್ಪಿಗೆ ಮದ್ದಿಲ್ಲ. ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ತಿಯಾಗಿ ತುಂಬಿ ಬರಿದಾದ ಬ್ಯಾಟರಿಯ ಸಾಮರ್ಥ್ಯ ಗಮನಾರ್ಹವಾಗಿ ಕುಗ್ಗಿರುತ್ತದೆ. ವಿಂಡೋಸ್ ಯಂತ್ರಗಳಲ್ಲಿ ದೊರೆಯುವ ಬ್ಯಾಟರಿ ವರದಿಯು ಮೂಲ ಸಾಮರ್ಥ್ಯವನ್ನೂ ಈಗಿನ ಸಾಮರ್ಥ್ಯವನ್ನೂ ತೋರಿಸುತ್ತದೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಳಿದಿದ್ದರೆ ಅದೇ ಮಾದರಿಯ ಹೊಸ ಬ್ಯಾಟರಿ ಕೊಳ್ಳುವುದು ಲೇಸು, ಯಂತ್ರವನ್ನೇ ತ್ಯಜಿಸಬೇಕಾಗಿಲ್ಲ.

ಒಂದು ಲಕ್ಷಣ ಕಂಡಾಗ ಮಾತ್ರ ಎಲ್ಲ ಪರೀಕ್ಷೆಗಳನ್ನೂ ಕೂಡಲೇ ನಿಲ್ಲಿಸಬೇಕು. ಯಂತ್ರದ ತಳ ಉಬ್ಬಿದ್ದರೆ, ಬೆರಳಾಡಿಸುವ ಫಲಕ ಮೇಲೆದ್ದಿದ್ದರೆ, ಮುಚ್ಚಳ ಸಮವಾಗಿ ಕೂಡದಿದ್ದರೆ ಒಳಗೆ ಅನಿಲ ತುಂಬಿ ಬ್ಯಾಟರಿ ಊದಿಕೊಂಡಿದೆಯೆಂದು ಅರ್ಥ. ಅದನ್ನು ಚಾರ್ಜು ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಮಕ್ಕಳ ಕೈಗೆ ಸಿಗದಂತೆ, ಬೆಂಕಿ ಹತ್ತುವ ವಸ್ತುಗಳಿಂದ ದೂರವಿರಿಸಿ ತಜ್ಞರಿಗೆ ಒಪ್ಪಿಸಬೇಕು. ಹಳೆಯ ಬ್ಯಾಟರಿ ಕಸದ ತೊಟ್ಟಿಗೂ ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅವುಗಳ ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಗೋಡೆ, ಚಾರ್ಜರು, ಏರ್ಪಾಟು, ಉಷ್ಣತೆ, ಕೊನೆಗೆ ಬ್ಯಾಟರಿ—ಇದೇ ಶೋಧನೆಯ ಸರಿಯಾದ ಕ್ರಮ. ಈ ಐದು ಮಾತುಗಳನ್ನು ಪ್ರಯೋಗಶಾಲೆಯ ಗೋಡೆಯ ಮೇಲೆ ಬರೆಸಿ, ಪ್ರತಿಯೊಂದು ಯಂತ್ರದ ಚಾರ್ಜರಿಗೂ ಅದರದೇ ಸಂಖ್ಯೆಯ ಚೀಟಿ ಅಂಟಿಸಿದರೆ ಶಾಲೆಗೆ ಬರುವ ಖರ್ಚು ಅತ್ಯಲ್ಪ. ಯಂತ್ರವನ್ನು ದಾನ ಮಾಡುವವರು ಅದರೊಡನೆ ಮುಂದೊಂದು ದಿನ ಬೇಕಾಗುವ ಬದಲಿ ಬ್ಯಾಟರಿಗೂ ಅಲ್ಪ ಮೊತ್ತವನ್ನು ತೆಗೆದಿರಿಸಿದರೆ ಆ ದಾನದ ಆಯುಷ್ಯವು ಇಮ್ಮಡಿಯಾಗುವುದರಲ್ಲಿ ಸಂದೇಹವಿಲ್ಲ.